ಲೆಕ್ಕಕ್ಕೆ ಬಾರದ ಮಂಜು

ಬಾಡಿಗೆ ಮನೆಯ ಒಡತಿಗೆ ಮರೆವಿನ ಕಾಯಿಲೆ ಇದೆ ಎಂದು ಮುಂಜಾಗ್ರತೆಯವರು ಕಾಲಿಟ್ಟ ದಿನವೇ ತೀರ್ಮಾನಿಸಿದರು. ಗೀಸರಿನ ಸ್ವಿಚ್ಚು ತೋರಿಸುತ್ತಿದ್ದ ಆಕೆ ಮಾತಿನ ನಡುವೆ ತಟ್ಟನೆ ಬಾಯಿ ಮುಚ್ಚಿ, ಗೋಡೆ ನೋಡುತ್ತ ನಿಂತು, ಏನೂ ಆಗದವರಂತೆ ಮುಂದುವರಿಸಿದ್ದರು. ಒಂದಲ್ಲ, ನಾಲ್ಕಾರು ಸಲ.

"ಪಾಪ, ವಯಸ್ಸಾಯ್ತು," ಎಂದು ಹೆಂಡತಿಯ ಕಿವಿಯಲ್ಲಿ ಉಸುರಿದರು.

"ನಿಮಗಿಂತ ಚಿಕ್ಕೋರು ಕಣ್ರೀ."

ಯಾವ ಅಪಾಯ ಯಾವಾಗ ಬಂದೀತೆಂದು ವಿಮಾ ಕಚೇರಿಯಲ್ಲಿ ಕೂತು ಅಂದಾಜು ಕಟ್ಟುವುದು ಇವರ ಕಸುಬು; ಮುಂಜಾಗ್ರತೆ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಮನೆಯಿಂದ ಕೆಲಸ ಮಾಡಲು ಅಪ್ಪಣೆ ಸಿಕ್ಕಿತ್ತು. ಆದರೆ ಮನೆ ಎಂದರೆ ಮನೆ, ಬೇರೆಡೆ ಕಂಡರೆ ಮರುದಿನದಿಂದ ಕಚೇರಿಯೇ ಗತಿ ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದರು. ಸೆಖೆಯಲ್ಲಿ ಬೆಂದಿದ್ದ ಮುಂಜಾಗ್ರತೆಯವರು ಗುಟ್ಟಾಗಿ ಈ ತಂಪು ಕಡಲೂರನ್ನು ಹುಡುಕಿದರು. ಮಳೆ, ಗಾಳಿ, ಸೊಳ್ಳೆ, ಪ್ರವಾಸಿಗರ ಕಾಟ ಎಲ್ಲವನ್ನೂ ತೂಗಿ, ದಂಡಯಾತ್ರೆಗೆ ಹೊರಟ ಚಕ್ರವರ್ತಿಯ ಗತ್ತಿನಲ್ಲಿ ಒಂದು ತಿಂಗಳನ್ನು ಆರಿಸಿದರು.

"ಇಂಥ ತಿಂಗಳು ಭೂಮಿ ಮೇಲೆ ಇನ್ನೊಂದಿಲ್ಲ."

"ಮತ್ತೆ ಆಗ ಅಲ್ಲಿಗೆ ಯಾರೂ ಯಾಕೆ ಹೋಗಲ್ಲ?" ಎಂದಿದ್ದಳು ಹೆಂಡತಿ.

"ಅವರಿಗೆಲ್ಲ ತಲೆ ಇಲ್ಲ."

ಮಂಜು ಮಾತ್ರ ಅವರ ತಕ್ಕಡಿಗೆ ಸಿಕ್ಕಿರಲಿಲ್ಲ. ಅದು ಸುರಿಯುವುದಿಲ್ಲ, ಬೀಸುವುದಿಲ್ಲ. ಸುಮ್ಮನೆ ಬಂದು ಕೂರುತ್ತದೆ. ಮರುದಿನ ಬೆಳಗ್ಗೆ ನೋಡಿದರೆ ಕಿಟಕಿಯಾಚೆ ಬೀದಿಯೇ ಇರಲಿಲ್ಲ. ಲ್ಯಾಪ್‌ಟಾಪ್ ತೆರೆದು ವಿಡಿಯೊ ಕರೆಯಲ್ಲಿ ಮ್ಯಾನೇಜರಿಗೆ "ನಮಸ್ಕಾರ ಸರ್" ಎನ್ನುವಷ್ಟರಲ್ಲಿ, ಮಂಜಿನಲ್ಲಿ ಹಡಗುಗಳನ್ನು ಎಚ್ಚರಿಸುವ ಬಂದರಿನ ಕೊಂಬು ಮೊಳಗಿತು. ಭೋಂ... ಲೋಟದೊಳಗಿನ ಚಮಚ ನಡುಗಿತು.

ಮನೆಯೊಡತಿಯ ಮರೆವು ಆಗ ಅರ್ಥವಾಯಿತು. ಈ ತಿಂಗಳಿಡೀ ಕೊಂಬಿಗೆ ಜಾಗ ಬಿಟ್ಟು ಮಾತಾಡುವುದು ಊರಿನ ರೂಢಿ. ಕೊಂಬು ಮೊಳಗದ ದಿನವೂ ಬಾಯಿ ತಾನಾಗಿ ನಿಲ್ಲುತ್ತದೆ.

"ಏನ್ರೀ ಅದು ಸದ್ದು?" ಎಂದರು ಮ್ಯಾನೇಜರ್.

"ಹೊಟ್ಟೆ ಸರ್. ಸ್ವಲ್ಪ ಕೆಟ್ಟಿದೆ."

ಭೋಂ...

"ಸ್ವಲ್ಪಾನಾ?"

ಹೆಂಡತಿ ಕಿಟಕಿಗೆ ದಿಂಬು ಒತ್ತಿ ಹಿಡಿದಳು. ಮುಂಜಾಗ್ರತೆಯವರು ಲ್ಯಾಪ್‌ಟಾಪ್ ಸಮೇತ ಕಂಬಳಿಯೊಳಗೆ ಹೊಕ್ಕರು. ಕತ್ತಲಲ್ಲಿ ಪರದೆಯ ಬೆಳಕು ಬಿದ್ದು ಮುಖ ನೀಲಿಯಾಯಿತು. ಈಗ ಮ್ಯಾನೇಜರ್ ಕುರ್ಚಿಯಿಂದ ಎದ್ದೇಬಿಟ್ಟರು.

"ರೀ, ನೀಲಿಗಟ್ಟಿದೀರಲ್ರೀ. ಅಲ್ಲಾಡಬೇಡಿ, ಮಾತಾಡಬೇಡಿ. ನಿಮ್ಮನೆ ಪಕ್ಕದ ಬೀದೀಲೇ ತಾನೆ, ನಾನೇ ಕಾರು ತರ್ತೀನಿ."

"ಬೇಡ ಸರ್, ವಾಸಿಯಾಯ್ತು."

ಭೋಂ...

"ಮಾತಾಡಬೇಡಿ ಅಂದ್ನಲ್ಲ," ಎನ್ನುತ್ತ ಫೋನಿನಲ್ಲಿ ಕರೆ ಮುಂದುವರಿಸಿಕೊಂಡೇ ಹೊರಟರು ಆ ಒಳ್ಳೆಯ ಮನುಷ್ಯ.

ಅವರು ಆ ಖಾಲಿ ಮನೆಯ ಬಾಗಿಲು ಬಡಿದದ್ದು, ಒಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದಾರೆಂದು ನೆರೆಯವರನ್ನು ಕೂಗಿದ್ದು, ಬಾಗಿಲು ಒಡೆಯಲು ಬಡಗಿಯನ್ನು ಕರೆಸಿದ್ದು, ಎಲ್ಲವನ್ನೂ ಮುಂಜಾಗ್ರತೆಯವರು ಆ ತಂಪಿನಲ್ಲಿ ಕೂತು ಬೆವರುತ್ತ ಕೇಳಿಸಿಕೊಂಡರು. ನಿಜ ಹೇಳಲು ಬಾಯಿ ತೆರೆದಾಗಲೆಲ್ಲ ಕೊಂಬು ಮೊಳಗುತ್ತಿತ್ತು. ಕೊನೆಗೆ ಬಾಗಿಲಿಗೆ ಉಳಿ ತಾಗಿದ ಸದ್ದು ಕೇಳಿ ಹೆಂಡತಿ ಕಂಬಳಿ ಕಿತ್ತೆಸೆದಳು.

"ಸರ್, ನಮ್ಮ ಬಾಗಿಲು ಬಿಟ್ಬಿಡಿ. ಇವರು ಸಮುದ್ರದ ಹತ್ರ ಇದಾರೆ. ಗುಂಡುಕಲ್ಲಿನ ಹಾಗೆ ಇದಾರೆ."

ಆಚೆ ಕಡೆ ಉಳಿಯ ಸದ್ದು ನಿಂತಿತು. ಬಡಗಿ ನಕ್ಕದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ನಾಳೆ ಕಚೇರಿಗೆ ಬನ್ನಿ," ಎಂದರು ಮ್ಯಾನೇಜರ್.

ಪೆಟ್ಟಿಗೆ ಹೊತ್ತು ಇಳಿದ ಮುಂಜಾಗ್ರತೆಯವರಿಗೆ ಬೀಗದ ಕೈ ಒಪ್ಪಿಸುವಾಗಲೂ ಆಸೆ ಸತ್ತಿರಲಿಲ್ಲ.

"ಅಲ್ಲಮ್ಮಾ, ನಿಮ್ಮೂರಿಗೆ ಬಂದು ಕೂತು ಕೆಲಸ ಮಾಡೋಕೆ ಯಾವ ತಿಂಗಳು ಒಳ್ಳೇದು?"

ಮನೆಯೊಡತಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವು ರಜೆ ಹಾಕಿದ ತಿಂಗಳು."