ಕಮರಿಯಲ್ಲಿ ಒಂದು ಕ್ಷಮಾಪಣೆ

ಶನಿವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಖಲ್ಫಾನ್ ಮೇಷ್ಟ್ರು ಆ ಒಂದು ಪದವನ್ನು ಆಡಬಾರದಿತ್ತು. ಆಡಿಬಿಟ್ಟರು.

"ಅಮ್ಮಾ, ರಜಾ ಇದೆಯಲ್ಲ, ಇವತ್ತು ಸುಮೈರ್ ಕಮರಿಗೆ ಹೋಗಿ ಟೆಂಟ್ ಹಾಕ್ಕೊಂಡಿದ್ದು ನಾಳೆ ಬರ್ತೀನಿ. ಒಬ್ಬನೇ."

ರೊಟ್ಟಿ ಮುರಿಯುತ್ತಿದ್ದ ತಾಯಿ ಮೋಜಾರ ಕೈ ನಿಂತುಹೋಯಿತು. "ಒಬ್ಬನೇ ಅಂದ್ರೆ?"

"ಒಬ್ಬನೇ ಅಂದ್ರೆ ಒಬ್ಬನೇ."

ಮೋಜಾ ಎದ್ದು ಬಂದು ಮಗನ ಹಣೆ ಮುಟ್ಟಿ ನೋಡಿದರು. ಅರಬ್ ನಾಡಿನ ಬಹ್ಲಾ ಊರಿನಲ್ಲಿ ಕಮರಿಗೆ ಹೋಗದವರಿಲ್ಲ. ಚಳಿಗಾಲ ಬಂತೆಂದರೆ ಮೂರು ಕಾರು, ಒಂದು ಕುರಿ, ನಾಲ್ಕು ಜಮಖಾನ, ಮಾತಿಗೆ ಒಬ್ಬ ಅಜ್ಜಿ, ಇಷ್ಟು ಹೇರಿಕೊಂಡು ಹೊರಟುಬಿಡುತ್ತಾರೆ. ಆದರೆ ಒಬ್ಬನೇ ಹೋಗುವವನು ಎರಡೇ ಕಾರಣಕ್ಕೆ ಹೋಗುತ್ತಾನೆ: ಒಂಟೆ ಕಳೆದಿರಬೇಕು, ಇಲ್ಲವೇ ತಲೆ ಕೆಟ್ಟಿರಬೇಕು. ಮೇಷ್ಟ್ರ ಮನೆಯಲ್ಲಿ ಒಂಟೆ ಇರಲಿಲ್ಲ.

ಕಾರಣ ಮೂರನೆಯದಿತ್ತು. ಅದನ್ನು ತಾಯಿಯ ಮುಂದೆ ಹೇಳುವಂತಿರಲಿಲ್ಲ.

ಇಪ್ಪತ್ತು ದಿನದ ಹಿಂದೆ ಹೆಂಡತಿ ಜುವೈನಾಳ ಅಕ್ಕನ ಮಗನ ಮದುವೆ. ಅಕ್ಕ ತಾನೇ ನಿಂತು ಹರೀಸ್ ಮಾಡಿಸಿದ್ದಳು. ಗೋಧಿ, ಮಾಂಸ ಎರಡೂ ಒಂದಾಗಿ, ನಾಲಗೆಯ ಮೇಲಿಟ್ಟರೆ ಕರಗುತ್ತಿತ್ತು. ಗಂಡಸರ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ವ್ಯಾಯಾಮದ ಮೇಷ್ಟ್ರು ಮಸೂದ್ "ಹೇಗಿದೆ?" ಎಂದು ಕೇಳಿದ. ಖಲ್ಫಾನ್ ಬೆರಳು ನೆಕ್ಕುತ್ತಾ ಎಂದರು: "ಮದುವೆಯಾಗಿ ಇಪ್ಪತ್ತೆರಡು ವರ್ಷದಿಂದ ಹಸಿವಿಗೆ ತಿಂತಿದ್ದೆ ಕಣಪ್ಪಾ. ರುಚಿಗೆ ಅಂತ ತಿಂದಿದ್ದು ಇವತ್ತೇ."

ಪಂಕ್ತಿಯೆಲ್ಲ ನಕ್ಕಿತು. ಅದೇ ಹೊತ್ತಿಗೆ ಹೆಂಗಸರ ಕಡೆಯ ಪರದೆ ಅಲುಗಿದ್ದನ್ನು ಖಲ್ಫಾನ್ ಕಂಡರು. ಮಾರನೆಯ ಬೆಳಿಗ್ಗೆ ಜುವೈನಾ ಶಾಲಿನಿಂದ ಮುಖ ಮುಚ್ಚಿಕೊಂಡು, ಗಂಡನ ಕಡೆ ನೋಡದೆ, "ತಮ್ಮನ ಮನೇಲಿ ಸ್ವಲ್ಪ ದಿನ ಇದ್ದು ಬರ್ತೀನಿ" ಎಂದು ಗೊಣಗಿ ಹೊರಟುಬಿಟ್ಟಳು. ತಮ್ಮನಿರುವ ನಿಜ್ವಾ ಮುಕ್ಕಾಲು ಗಂಟೆಯ ದಾರಿ. ಖಲ್ಫಾನ್ ಹೋಗಲಿಲ್ಲ, ಫೋನೂ ಮಾಡಲಿಲ್ಲ. ಏನೆಂದು ಮಾಡುವುದು? ಅವಳು ಮಾಡಿಟ್ಟು ಹೋದ ನಿಂಬೆ ಉಪ್ಪಿನಕಾಯಿಯ ಭರಣಿ ಖಾಲಿಯಾಗುತ್ತಾ ಬಂದಂತೆ ಎದೆಯಲ್ಲಿ ಕಲ್ಲು ಬೆಳೆಯುತ್ತಾ ಹೋಯಿತು. ಭರಣಿಯ ತಳ ಕಂಡ ದಿನ ನಿರ್ಧರಿಸಿದರು: ಕ್ಷಮೆ ಕೇಳಬೇಕು.

ಕೇಳುವುದಕ್ಕೆ ಅಭ್ಯಾಸ ಬೇಕಲ್ಲ. ಹನ್ನೊಂದು ಜನರಿರುವ ಮನೆಯಲ್ಲಿ ಗಟ್ಟಿಯಾಗಿ ಕೆಮ್ಮಿದರೂ ಮೂರು ಜನ ಕಷಾಯ ತರುತ್ತಿದ್ದರು. ಅದಕ್ಕೇ ಕಮರಿ.

ಸುಮೈರ್ ಕಮರಿ ಊರಿನಿಂದ ಒಂದೂವರೆ ಗಂಟೆ. ಕೊನೆಯ ಅರ್ಧ ಗಂಟೆ ರಸ್ತೆಯಲ್ಲ, ಒಣಗಿದ ಹೊಳೆಯ ಬೆಣಚುಕಲ್ಲು. ಮೇಷ್ಟ್ರು ಚಕ್ರದ ಗಾಳಿ ಇಳಿಸಿ, ಹಳೆಯ ಪಿಕಪ್ ಅನ್ನು ಬಸುರಿಯಂತೆ ನಿಧಾನ ನಡೆಸಿಕೊಂಡು ಒಳಗೆ ಹೋದರು. ಎರಡೂ ಕಡೆ ಆಕಾಶಕ್ಕೆ ಎದ್ದ ಕೆಂಪು ಬಂಡೆ. ನಡುವೆ ಒಂದು ಮುಳ್ಳುಜಾಲಿ, ಅದರ ಕೆಳಗೆ ಚಾಪೆಯಷ್ಟು ನೆರಳು. ಫೋನು ಸತ್ತಿತ್ತು. ಕಾವಲುಗಾರನಿಲ್ಲ, ಬೇಲಿಯಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಬಂದವರು ಬಂದಲ್ಲಿ ಡೇರೆ ಹೂಡಬಹುದು.

ಡೇರೆ ಹೂಡುವುದು ಮೇಷ್ಟ್ರು ಅಂದುಕೊಂಡಷ್ಟು ಸುಲಭವಿರಲಿಲ್ಲ. ಈವರೆಗೆ ಆ ಕೆಲಸವನ್ನು ಜುವೈನಾಳೇ ಮಾಡುತ್ತಿದ್ದಳು. ಇವರು ಕೂತು ಖರ್ಜೂರ ತಿನ್ನುತ್ತಾ "ಆ ಹಗ್ಗ ಇನ್ನೂ ಸ್ವಲ್ಪ ಬಿಗಿ" ಎನ್ನುತ್ತಿದ್ದರು. ಒಂದು ಗಂಟೆ ಗುದ್ದಾಡಿದ ಮೇಲೆ ಟೆಂಟು ನಿಂತಿತು, ಮದುವೆಗೆ ಒಪ್ಪದ ಹುಡುಗಿಯ ಹಾಗೆ ಒಂದು ಕಡೆ ಮುಖ ತಿರುಗಿಸಿಕೊಂಡು.

ಮೇಷ್ಟ್ರು ಕ್ಷಮೆ ಕೇಳುವ ಮಾತುಗಳನ್ನು ಬರೆದು ತಂದಿದ್ದ ಕಾಗದ ಬಿಚ್ಚಿದರು. ಇಪ್ಪತ್ತೈದು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ ಕೈ. ಆದರೆ ಬರೆದಿದ್ದನ್ನು ಓದಿಕೊಂಡಾಗ ಒಂದು ದೋಷ ಕಣ್ಣಿಗೆ ಹೊಡೆಯಿತು. 'ಒಂದು ಮಾತು ಬಾಯಿಂದ ಬಿದ್ದುಹೋಯಿತು. ಒಂದು ತಪ್ಪು ನಡೆದುಹೋಯಿತು.' ಒಂದು ವಾಕ್ಯದಲ್ಲೂ ಮಾಡಿದವನು ಯಾರೆಂದು ಇರಲಿಲ್ಲ! ಮಾತು ತಾನೇ ಮೆಟ್ಟಿಲಿಳಿದು ಹೋದ ಹಾಗಿತ್ತು. ಹುಡುಗರು ಹೀಗೆ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಇರಲಿ, ಬಾಯಿ ರೂಢಿಯಾಗಲಿ ಎಂದು ಗಂಟಲು ಸರಿಮಾಡಿಕೊಂಡು ಕೂಗಿ ಹೇಳಿದರು: "ಜುವೈನಾ! ಒಂದು ಮಾತು ಬಿದ್ದುಹೋಯಿತು!"

ಕಮರಿ ಅದನ್ನು ಹಿಡಿದುಕೊಂಡು, ಮುರಿದು, ಬಂಡೆಯಿಂದ ಬಂಡೆಗೆ ಎಸೆಯಿತು. "ಜುವೈನಾ... ವೈನಾ... ಬಿದ್ದುಹೋಯಿತು... ಹೋಯಿತು..."

ಮೇಲೆ ಅಂಚಿನಲ್ಲಿ ಮೇಕೆ ಮೇಯಿಸುತ್ತಿದ್ದ ರಾಯಾ ಅಜ್ಜಿಗೆ ಕಿವಿ ಸ್ವಲ್ಪ ದೂರ. ಕೇಳಿಸಿದ್ದು ಇಷ್ಟೇ: ಜುವೈನಾ ಬಿದ್ದುಹೋದಳು. ಇಣುಕಿ ನೋಡಿದಳು. ಕೆಳಗೆ ಒಬ್ಬ ಗಂಡಸು ಎದೆಯ ಮೇಲೆ ಕೈಯಿಟ್ಟುಕೊಂಡು ಬಂಡೆಗಳಿಗೆ ಹೆಂಗಸಿನ ಹೆಸರು ಕೂಗುತ್ತಿದ್ದಾನೆ. ಅಜ್ಜಿ ಮೇಕೆಗಳನ್ನು ಅಲ್ಲೇ ಬಿಟ್ಟು ಹಳ್ಳಿಯ ಕಡೆ ಓಡಿದಳು.

ಮೇಷ್ಟ್ರ ಅಭ್ಯಾಸ ಮೂರನೆಯ ಸಲಕ್ಕೆ ಬರುವಷ್ಟರಲ್ಲಿ ಹಾರ್ನು ಕೇಳಿಸಿತು. ಮಸೂದನ ಕಾರು. ಮುಂದಿನ ಸೀಟಿನಲ್ಲಿ ಅಮ್ಮ, ಅವರ ತೊಡೆಯ ಮೇಲೆ ಬಿರಿಯಾನಿಯ ಹಂಡೆ.

"ಮೇಷ್ಟ್ರೇ, ಹೀಗೆಲ್ಲ ಮಾಡ್ಕೋಬಾರ್ದು!" ಮಸೂದ್ ಇಳಿದವನೇ ತಬ್ಬಿಕೊಂಡ. "ಮನಸ್ಸಿಗೆ ಬೇಜಾರಾದ್ರೆ ನಮ್ಮನೆಗೆ ಬರ್ಬೇಕು. ಟೀವಿ ಇದೆ."

"ನಂಗೇನೂ ಆಗಿಲ್ಲ ಮಾರಾಯಾ. ಸ್ವಲ್ಪ ಹೊತ್ತು ಒಬ್ಬನೇ ಇರ್ಬೇಕು ಅಷ್ಟೇ."

"ಆಯ್ತು, ಇರಿ. ನಾವು ಪಕ್ಕದಲ್ಲಿ ಇರ್ತೀವಿ," ಎಂದ ಮಸೂದ್ ಜಮಖಾನ ಹಾಸಿದ. ಅಪ್ಪಣೆ ಬೇಕಿಲ್ಲದ ಜಾಗ ಅಂದ ಮೇಲೆ ಮಸೂದನಿಗೂ ಬೇಕಿರಲಿಲ್ಲ.

ಮಸೂದ್ ತಂದಿದ್ದ ಮಾಂಸವನ್ನು ಸುಡಲು ಕಡ್ಡಿಗೆ ಚುಚ್ಚುವ ಹೊತ್ತಿಗೆ ಹಳ್ಳಿಯವರು ಬಂದರು. ಎಂಟು ಜನ, ಎರಡು ಹಗ್ಗ, ಒಂದು ಏಣಿ, ಹಿಂದೆ ಏದುಸಿರು ಬಿಡುತ್ತಾ ರಾಯಾ ಅಜ್ಜಿ.

"ಎಲ್ಲಿ ಬಿದ್ಲು?" ಎಂದ ಹಗ್ಗದವನು.

"ಯಾರು?" ಎಂದರು ಮೇಷ್ಟ್ರು.

"ಜುವೈನಾ!"

ಮೇಷ್ಟ್ರ ಮುಖ ಬಂಡೆಯ ಬಣ್ಣಕ್ಕೆ ತಿರುಗಿತು. "ಯಾರೂ ಬಿದ್ದಿಲ್ಲ."

"ನನ್ನ ಕಿವಿಯಾರೆ ಕೇಳಿದೀನಿ," ಎಂದಳು ಅಜ್ಜಿ. "ಎದೆ ಒಡೆದುಹೋಗೋ ಹಾಗೆ ಕೂಗ್ತಿದ್ದೆ ಮಗಾ."

"ಅದು... ವ್ಯಾಕರಣದ ಅಭ್ಯಾಸ ಅಜ್ಜಿ."

ಹಳ್ಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಗ್ಗದವನು ಮಸೂದನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ಜುವೈನಾ ಯಾರು?"

"ಇವರ ಹೆಂಡ್ತಿ."

"ಅಯ್ಯೋ ಪಾಪ. ದುಃಖಕ್ಕೆ ಹೀಗೆ ಮಾತಾಡ್ತಿದಾರೆ."

ಮಸೂದ್ ಮುಂದಿನದನ್ನು ಕೇಳುವ ಜಾತಿಯವನಲ್ಲ. ಸಿಗ್ನಲ್ ಸಿಗುವ ದಿಣ್ಣೆಯವರೆಗೆ ಕಾರು ಓಡಿಸಿಕೊಂಡು ಹೋಗಿ ನಿಜ್ವಾದಲ್ಲಿದ್ದ ಹಿಮ್ಯಾರನಿಗೆ, ಅಂದರೆ ಜುವೈನಾಳ ತಮ್ಮನಿಗೆ, ಫೋನು ಮಾಡಿದ. "ಧೈರ್ಯ ತಂದ್ಕೋ ತಮ್ಮಾ. ನಿಮ್ಮಕ್ಕ ಸುಮೈರ್ ಕಮರೀಲಿ ಬಿದ್ದಿದಾಳಂತೆ."

"ಅಕ್ಕ ಇಲ್ಲೇ ಕೂತು ಸೂಪ್ ಕುಡೀತಿದಾಳಲ್ಲ!" ಎಂದ ಹಿಮ್ಯಾರ್.

ಮಸೂದ್ ಒಂದು ಕ್ಷಣ ಯೋಚಿಸಿದ. "ಹಾಗಾದ್ರೆ ಬೇಗ ಕರ್ಕೊಂಡು ಬಾ. ನಿಮ್ಮ ಬಾವ ಅವಳ ಹೆಸರು ಹಿಡ್ಕೊಂಡು ಕಲ್ಲುಬಂಡೆ ಹತ್ರ ಅಳ್ತಿದಾರೆ."

ಇತ್ತ ಕಮರಿಯಲ್ಲಿ ಹಳ್ಳಿಯವರು ವಾಪಸ್ ಹೋಗಲಿಲ್ಲ. ದುಃಖದಲ್ಲಿರುವವನನ್ನು ಬಿಟ್ಟು ಹೋಗುವುದು ಮರ್ಯಾದೆಯೇ? ಒಬ್ಬ ಕಾಫಿಗೆ ನೀರಿಟ್ಟ. ಇಬ್ಬರು ಮೇಷ್ಟ್ರ ಟೆಂಟನ್ನು ಕಿತ್ತು ಸರಿಯಾಗಿ ಹೂಡಿದರು. ಇನ್ನಿಬ್ಬರು ಹಳ್ಳಿಯಿಂದ ತಮ್ಮ ಡೇರೆಗಳನ್ನೂ ಹೆಂಡಿರುಮಕ್ಕಳನ್ನೂ ತಂದರು. ಮಧ್ಯಾಹ್ನದ ನಮಾಜು ಮುಗಿಯುವಷ್ಟರಲ್ಲಿ ಐದು ಡೇರೆ, ಮೂರು ಒಲೆ. ಮೇಷ್ಟ್ರ ಕಾಗದವನ್ನು ಅಜ್ಜಿಯ ಮೇಕೆಯೊಂದು ನೆಮ್ಮದಿಯಾಗಿ ತಿಂದು ಮುಗಿಸಿತು. ಅದಕ್ಕೂ ಕರ್ತೃಪದ ಬೇಕೆನಿಸಲಿಲ್ಲ.

ಬಿಸಿಲು ಬಂಡೆಯ ಅರ್ಧಕ್ಕೆ ಏರಿದಾಗ ಹಿಮ್ಯಾರನ ಕಾರು ಬಂತು. ಹಿಂದಿನ ಬಾಗಿಲು ತೆರೆಯಿತು. ಜುವೈನಾ ಇಳಿದಳು, ಶಾಲು ಮೂಗಿನವರೆಗೆ.

ಮಾಂಸ ತಿರುಗಿಸುವವನು ಕಡ್ಡಿ ಹಿಡಿದುಕೊಂಡೇ ನಿಂತ.

ಖಲ್ಫಾನ್ ಮೇಷ್ಟ್ರಿಗೆ ಕಂಡದ್ದು ಆ ಕಣ್ಣುಗಳು ಮಾತ್ರ. ಇಪ್ಪತ್ತು ದಿನದಲ್ಲಿ ಇಳಿದುಹೋಗಿದ್ದಳು. ಮುಖ ಮುಚ್ಚಿಕೊಂಡೇ ಇದ್ದಾಳೆಂದರೆ ಇನ್ನೂ ಅಳುತ್ತಿರಬೇಕು. ಕಾಗದ ಇರಲಿಲ್ಲ, ಇದ್ದಿದ್ದರೂ ನೋಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನಾಲ್ಕು ಜನರ ಮುಂದೆ ಹೆಂಡತಿಯ ಹತ್ತಿರ ಹೋಗಿ ನಿಂತರು.

"ಜುವೈನಾ, ನಾನು ಅಂದೆ. ನಾನೇ ಅಂದೆ. ಯಾರ ಬಾಯಿಂದಲೋ ಬಿದ್ದಿದ್ದಲ್ಲ. ಆವತ್ತು ನಿಮ್ಮಕ್ಕನ ಮನೆ ಹರೀಸ್ ತಿಂತಾ, ಇಪ್ಪತ್ತೆರಡು ವರ್ಷ ಬರೀ ಹಸಿವಿಗೆ ತಿಂದೆ, ರುಚಿಗೆ ತಿಂದಿದ್ದು ಇವತ್ತೇ ಅಂದೆ. ಜನ ನಗ್ಲಿ ಅಂತ ಅಂದೆ. ಅದು ನಿಜ ಅಲ್ಲ. ನೀನು ಹೋದ ಮೇಲೆ ಅನ್ನ ಗಂಟಲಲ್ಲಿ ಇಳೀತಿಲ್ಲ. ನನ್ನ ಕ್ಷಮಿಸು, ಮನೆಗೆ ಬಾ."

ರಾಯಾ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹಗ್ಗದವನೂ ಆ ಕಡೆ ತಿರುಗಿ ಮೂಗು ಒರೆಸಿಕೊಂಡ.

ಜುವೈನಾ ಶಾಲಿನೊಳಗಿಂದ ಕೇಳಿದಳು: "ಯಾವ ಮಾಥು?"

"ಮಾತು," ಎಂದು ತಿದ್ದಿದರು ಮೇಷ್ಟ್ರು.

ಅಭ್ಯಾಸಬಲ. ಅಂದ ಕೂಡಲೇ ನಾಲಗೆ ಕಚ್ಚಿಕೊಂಡರು, ಆದರೆ ತಡವಾಗಿತ್ತು. ಜುವೈನಾ ಶಾಲನ್ನು ಸರಕ್ಕನೆ ಎಳೆದು ಕೆಳಗೆ ಬಿಟ್ಟಳು. ಮುಂದಿನ ಎರಡು ಹಲ್ಲು ಇರಲಿಲ್ಲ.

"ಇದಕ್ಕೇ!" ಎಂದಳು. ಗಾಳಿ ಸೋರಿಕೊಂಡು ಮಾತು ಬರುತ್ತಿತ್ತು, ಆದರೂ ಒಂದಕ್ಷರವೂ ಯಾರಿಗೂ ತಪ್ಪಲಿಲ್ಲ. "ಇದಕ್ಕೇ ನಾನು ಹೋಗಿದ್ದು! ಮದುವೆ ಮನೆ ಬಚ್ಚಲಲ್ಲಿ ಜಾರಿ ಬಿದ್ದೆ. ಹಲ್ಲು ಹೋಯ್ತು. ಮನೇಲಿ ಬಾಯಿ ಬಿಟ್ರೆ ನನ್ನ ಉಚ್ಚಾರಣೆ ತಿದ್ದೋಕೆ ಕೂತ್ಕೋತೀರ, ಮಕ್ಕಳ ಮುಂದೆ ಯಾಕೆ ನಗೆಪಾಟಲು, ಹೊಸ ಹಲ್ಲು ಕಟ್ಟಿಸ್ಕೊಂಡೇ ಬರೋಣ ಅಂತ ತಮ್ಮನ ಮನೇಲಿದ್ದೆ. ಬುಧವಾರ ಹಲ್ಲು ಬರುತ್ತೆ. ಗುರುವಾರ ಮನೆಗೆ ಬರ್ತಿದ್ದೆ."

"ನಾನು ಹೇಳಿಲ್ವಾ, ಬಿದ್ಲು ಅಂತ!" ಎಂದಳು ರಾಯಾ ಅಜ್ಜಿ, ಹಳ್ಳಿಯವರ ಕಡೆ ತಿರುಗಿ.

"ಹಾಗಾದ್ರೆ..." ಎಂದರು ಮೇಷ್ಟ್ರು. "ಪರದೆ ಹಿಂದೆ ನೀನು ಕೇಳಿಸ್ಕೊಂಡಿರ್ಲಿಲ್ವಾ?"

"ಯಾವ ಪರದೆ? ನಾನು ಆಗ ಬಚ್ಚಲಲ್ಲಿ ಹಲ್ಲು ಹುಡುಕ್ತಾ ಇದ್ದೆ!"

ಮಸೂದ್ ಗೆಳೆಯನನ್ನು ಉಳಿಸಲು ಮುಂದೆ ಬಂದ. "ಅಕ್ಕಾ, ನಾನು ಪಕ್ಕದಲ್ಲೇ ಕೂತಿದ್ದೆ. ವಲ್ಲಾ, ದೇವರಾಣೆಗೂ ನಂಗಂತೂ ಏನೂ ಕೇಳಿಸ್ಲಿಲ್ಲ."

"ನಂಗೆ ಕೇಳಿಸ್ತು," ಎಂದ ಹಿಮ್ಯಾರ್, ಯಾರೂ ಕೇಳದಿದ್ದರೂ. "ಎಲ್ಲರೂ ನಕ್ಕಿದ್ದು ಅದಕ್ಕೇ ಅಲ್ವಾ?"

ಜುವೈನಾ ತಮ್ಮನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ದನಿ ಇಳಿಯಿತು, ಕೂಗಾಡಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಎಲ್ಲರೂ ನಕ್ರಾ?"

"ನಕ್ಕರು," ಎಂದರು ಖಲ್ಫಾನ್. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ.

"ನಮ್ಮಕ್ಕನಿಗೂ ಗೊತ್ತಾ?"

"ಗೊತ್ತಿರ್ಬಹುದು."

ಅವಳು ತಲೆಯಾಡಿಸಿದಳು. ಶಾಲನ್ನು ಮತ್ತೆ ಸರಿಮಾಡಿಕೊಂಡು, ಅತ್ತೆಯ ಹತ್ತಿರ ಹೋಗಿ ಕೈ ಹಿಡಿದು ಹಣೆಗೊತ್ತಿಕೊಂಡಳು. "ಅತ್ತೆ, ಈ ಗುರುವಾರ ಕಾಯ್ಬೇಡಿ. ಹೇಳಿ ಕಳಿಸ್ತೀನಿ." ಕಾರಿನಲ್ಲಿ ಕೂತು ಕಿಟಕಿಯ ಗಾಜು ಏರಿಸಿಕೊಂಡಳು. ಹಿಮ್ಯಾರ್ "ಬಾವ, ನಾನು ಮಾತಾಡ್ತೀನಿ, ನೀವು ಯೋಚ್ನೆ ಮಾಡ್ಬೇಡಿ" ಎಂದು ಗೊಣಗಿ, ಒಳಗಿಂದ ಬಂದ ಒಂದು ನೋಟಕ್ಕೆ ಬೆಚ್ಚಿ, ಬೇಗನೆ ಗೇರು ಹಾಕಿದ.

ಕಾರು ಬೆಣಚುಕಲ್ಲಿನ ಮೇಲೆ ಕುಲುಕುತ್ತಾ ಹೋಗಿ ತಿರುವಿನಲ್ಲಿ ಮರೆಯಾಯಿತು. ಹಳ್ಳಿಯವರು ಏಣಿಯನ್ನೂ ಹಗ್ಗವನ್ನೂ ಸದ್ದಿಲ್ಲದೆ ಎತ್ತಿಟ್ಟರು. ಯಾರೂ ಮೇಷ್ಟ್ರ ಮುಖ ನೋಡಲಿಲ್ಲ. ಮೋಜಾ ಒಂದು ತಟ್ಟೆಗೆ ಬಿರಿಯಾನಿ ಬಡಿಸಿ ತಂದು ಮಗನ ಪಕ್ಕ ಕೂತರು.

"ತಿನ್ನು."

"ಅಮ್ಮಾ, ಅವಳಿಗೆ ಹಲ್ಲು ಹೋಗಿದ್ದು..."

"ನಂಗೆ ಆವತ್ತೇ ಗೊತ್ತಿತ್ತು. ಗಾಯಕ್ಕೆ ಅರಿಶಿನ ಇಟ್ಟಿದ್ದೇ ನಾನು."

ಮೇಷ್ಟ್ರು ತಾಯಿಯ ಮುಖ ನೋಡಿದರು. "ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

ಮೋಜಾ ಅನ್ನದೊಳಗಿನ ಒಂದು ಏಲಕ್ಕಿಯನ್ನು ಆರಿಸಿ ಪಕ್ಕಕ್ಕೆಸೆದರು.

"ನೀನು ಕೇಳ್ಲಿಲ್ಲವಲ್ಲಪ್ಪ. ಹೆಂಡ್ತಿ ಮನೆ ಬಿಟ್ಟು ಇಪ್ಪತ್ತು ದಿನ. ಯಾಕೆ ಹೋದ್ಲು ಅಂತ ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ ಅಂತ, ದಿನಾ ಬೆಳಿಗ್ಗೆ ಚಹಾ ಕೈಗೆ ಕೊಟ್ಟು ನಿನ್ನ ಮುಂದೇನೇ ಕೂತಿರ್ತಿದ್ದೆ."