ಬ್ರೇಕ್ ಮೇಷ್ಟ್ರ ಕೆಂಪು ಕಾರು

ಎಲ್ಲ ಶುರುವಾದದ್ದು ಒಂದು ಬೆರಳಿನಿಂದ. ರಜೆಯ ದಿನ ಬೆಳಗ್ಗೆ ಗೇಟಿನ ಬಳಿಯಿಂದ ಹಾಲು ತೆಗೆದುಕೊಂಡು ಬರುತ್ತಿದ್ದ ಹೆಂಡತಿ, ಅಂಗಳದಲ್ಲಿ ನಿಂತಿದ್ದ ಕೆಂಪು ಕಾರಿನ ಬಾನೆಟ್ ಮೇಲೆ ತೋರುಬೆರಳು ಎಳೆದು, ಅದಕ್ಕಂಟಿದ ಧೂಳನ್ನು ನೇರವಾಗಿ ತಂದು ಗಂಡನ ಮೂಗಿನ ಕೆಳಗೆ ಹಿಡಿದಳು.

“ಇದೇನ್ರೀ, ಸ್ಪೋರ್ಟ್ಸ್ ಕಾರೋ, ಅಟ್ಟದ ಮೇಲಿನ ಟ್ರಂಕೋ?”

ಪೇಪರ್ ಓದುತ್ತಿದ್ದ ಗಂಡನ ಬಲಗಾಲು ತಟ್ಟನೆ ನೆಲ ಒತ್ತಿತು. “ಬೆರಳು ಎಳೆದ್ಯಾ? ಧೂಳಲ್ಲಿ ಮರಳಿರತ್ತೆ ಕಣೇ! ಬಣ್ಣದ ಮೇಲೆ ಗೀರು ಬೀಳತ್ತೆ!”

“ಅಷ್ಟು ಕಾಳಜಿ ಇದ್ದೋರು ತೊಳೆದು ಇಟ್ಕೋಬೇಕಿತ್ತು.”

ಆ ಕಾಲಿನ ವಿಷಯ ಮೊದಲೇ ಹೇಳಿಬಿಡುವುದು ವಾಸಿ. ಬೀದಿಯವರೆಲ್ಲ ಅವರನ್ನು ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಕೆಲಸ. ಕಲಿಯುವವರು ಸ್ಟೀರಿಂಗ್ ಹಿಡಿದು ಗೋಡೆ, ಕಂಬ, ಹಾಲಿನ ಗಾಡಿ ಯಾವುದನ್ನೂ ಬಿಡದೆ ನುಗ್ಗಿಸುವಾಗ, ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರು ತಮ್ಮ ಕಾಲಡಿಯ ಎರಡನೇ ಬ್ರೇಕನ್ನು ಒತ್ತಿ ಜೀವ ಉಳಿಸಿಕೊಳ್ಳಬೇಕು. ವರ್ಷಗಟ್ಟಲೆ ಹೀಗೆ ಒತ್ತಿ ಒತ್ತಿ, ಎಲ್ಲಿ ಗಾಬರಿಯಾದರೂ ಅವರ ಬಲಗಾಲು ತಾನಾಗಿ ನೆಲಕ್ಕೆ ಬೀಳುತ್ತಿತ್ತು. ಹಲ್ಲು ಕೀಳಿಸಿಕೊಂಡ ದಿನ ಡಾಕ್ಟರ ಪಾದದ ಮೇಲೇ ಬಿದ್ದಿತ್ತು.

ಇಂಥ ಮನುಷ್ಯ ಕಳೆದ ತಿಂಗಳು ಮನೆಯಲ್ಲಿ ಒಂದು ಮಾತೂ ಕೇಳದೆ ಹಳೆಯ ನಾಲ್ಕು ಸೀಟಿನ ಕಾರನ್ನು ಕೊಟ್ಟು, ಎರಡೇ ಸೀಟಿನ ಈ ಕೆಂಪು ಕಾರನ್ನು ತಂದು ನಿಲ್ಲಿಸಿದ್ದರು. ಅದೂ ಸೆಕೆಂಡ್ ಹ್ಯಾಂಡು. ನನ್ನಮ್ಮ ಬಂದರೆ ಎಲ್ಲಿ ಕೂರಬೇಕು ಎಂದು ಹೆಂಡತಿ ಕೇಳಿದಾಗ, ಮೇಷ್ಟ್ರು ಎದೆಯುಬ್ಬಿಸಿ ಉತ್ತರ ಕೊಟ್ಟಿದ್ದರು.

“ಬೇರೆಯವರಿಗೆ ಜಾಗ ಇರಬಾರದು ಅಂತಲೇ ಎರಡು ಸೀಟಿಂದು ತಗೊಂಡಿದ್ದು! ಕಂಡ ಕಂಡವರೆಲ್ಲ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓಡಿಸಿದ್ದು ಸಾಕು. ಈ ಸ್ಟೀರಿಂಗ್ ನಂದು. ಇನ್ನೊಬ್ಬರು ಮುಟ್ಟೋ ಹಾಗಿಲ್ಲ.”

ಹೆಂಡತಿ ಒಂದು ಕಾಲದಲ್ಲಿ ತನಗೂ ಕಾರು ಕಲಿಸಿ ಎಂದು ಕೇಳಿದ್ದಳು. ನಿನಗೆ ಕಲಿಸಿದರೆ ಕಾರೂ ಉಳಿಯಲ್ಲ, ಸಂಸಾರವೂ ಉಳಿಯಲ್ಲ ಎಂದು ಮೇಷ್ಟ್ರು ತಳ್ಳಿಹಾಕಿದ್ದರು. ಅವಳು ಸುಮ್ಮನಾಗಿ ಹೊಲಿಗೆ ಕ್ಲಾಸಿಗೆ ಸೇರಿಕೊಂಡಳು. ತಿಂಗಳುಗಟ್ಟಲೆ ಹೋಗಿಬಂದರೂ ಒಂದು ದಿಂಬಿನ ಕವರನ್ನೂ ಹೊಲಿದು ತಂದಿರಲಿಲ್ಲ. ಅದನ್ನೆಲ್ಲ ಗಮನಿಸುವ ಪುರಸೊತ್ತು ಮೇಷ್ಟ್ರಿಗೆ ಇರಲಿಲ್ಲ.

ಈಗ ಅವಳು ಧೂಳಿನ ಬೆರಳನ್ನು ಅವರ ಪೇಪರಿಗೇ ಒರೆಸಿ ಪಂದ್ಯ ಕಟ್ಟಿದಳು. “ಸಂಜೆ ಅಮ್ಮ ಬರ್ತಾಳೆ. ಅಷ್ಟರೊಳಗೆ ನೀವೊಬ್ಬರೇ ಇದನ್ನ ತೊಳೆದು ಫಳಫಳ ಅನ್ನಿಸಬೇಕು. ಬೇರೆಯವರ ಕೈ ತಾಗಕೂಡದು, ಒಂದು ಗೀರೂ ಇರಕೂಡದು. ಗೆದ್ದರೆ ಈ ಕಾರಿನ ವಿಷಯಕ್ಕೆ ನಾನು ತುಟಿ ಬಿಚ್ಚಲ್ಲ. ಸೋತರೆ ನಾಳೆನೇ ಮಾರಿ ನಾಲ್ಕು ಸೀಟಿಂದು ತರಬೇಕು.”

“ತೀರ್ಪು ಕೊಡೋರು ಯಾರು?”

“ಅಮ್ಮ.”

ಮೇಷ್ಟ್ರ ಕಾಲು ಮತ್ತೆ ನೆಲ ಒತ್ತಿತು. ಅತ್ತೆಯವರು ಬಟ್ಟೆ ಕಾರ್ಖಾನೆಯಲ್ಲಿ ತಪ್ಪು ಹುಡುಕುವ ಮೇಜಿನ ಮುಂದೆ ಕೂತು ನಿವೃತ್ತರಾದವರು. ದಾರ ಎಲ್ಲಿ ಬಿಟ್ಟಿದೆ, ಗುಂಡಿ ಎಲ್ಲಿ ಓರೆಯಾಗಿದೆ ಎಂಬುದು ಅವರ ಬೆರಳ ತುದಿಗೇ ತಿಳಿಯುತ್ತಿತ್ತು. ಮದುವೆಯ ದಿನ ಅಳಿಯನ ಮುಖ ನೋಡುವ ಮೊದಲು ಅಳಿಯನ ಕೋಟಿನ ಹೊಲಿಗೆ ನೋಡಿದ ಮಹಾತಾಯಿ.

“ನಿಮ್ಮಮ್ಮನೇ ಬರಲಿ, ನಿಮ್ಮಮ್ಮನ ಭೂತಗನ್ನಡಿಯೇ ಬರಲಿ! ತೊಳೆದು ತೋರಿಸ್ತೀನಿ!” ಎಂದು ಮೇಷ್ಟ್ರು ಲುಂಗಿ ಎತ್ತಿಕಟ್ಟಿದರು.

ಕಾರು ತೊಳೆಯುವ ಶಾಸ್ತ್ರವನ್ನು ಅವರು ಮೊಬೈಲಿನಲ್ಲಿ ನೋಡಿ ನೋಡಿ ಅರೆದು ಕುಡಿದಿದ್ದರು. ಒಂದಲ್ಲ, ಮೂರು ಬಕೆಟ್. ಒಂದರಲ್ಲಿ ಕಾರಿನ ಶಾಂಪೂ, ಒಂದರಲ್ಲಿ ಕೈಗವಸು ಜಾಲಿಸಲು ಬರೀ ನೀರು, ಇನ್ನೊಂದು ಚಕ್ರಗಳಿಗೆಂದೇ ಬೇರೆ. ಚಕ್ರದಲ್ಲಿ ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ಕಪ್ಪಗೆ ಕೂತಿರುತ್ತದೆ. ಆ ನೀರು, ಚಕ್ರದ ಸ್ಪಂಜು ಬಾನೆಟ್ ಕಡೆ ಸುಳಿಯಲೇಬಾರದು. ಮೊದಲು ಪೈಪಿನಿಂದ ಧೂಳು ಇಳಿಸಬೇಕು, ಆಮೇಲೆ ಚಕ್ರ, ಆಮೇಲೆ ಮೇಲಿನಿಂದ ಕೆಳಕ್ಕೆ ಉಣ್ಣೆಯ ಕೈಗವಸಿನಲ್ಲಿ ಸವರಬೇಕು. ಉಜ್ಜಿದರೆ ಕೆಟ್ಟಿತು.

ಚಕ್ರಗಳು ಮುಗಿಯುವ ಹೊತ್ತಿಗೆ ಎದುರು ಮನೆಯ ಔಷಧಿ ಅಂಗಡಿಯವರು ಗೇಟಿಗೆ ಬಂದು ಆತುಕೊಂಡರು. ಅಂಗಡಿಗೆ ರಜೆ, ಬಾಯಿಗೆ ರಜೆ ಇಲ್ಲ. ಯಾರಿಗೆ ಏನಾದರೂ ಅವರಲ್ಲಿ ಒಂದು ಮದ್ದು ತಯಾರಿರುತ್ತಿತ್ತು.

“ಮೇಷ್ಟ್ರೇ, ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿ. ಕನ್ನಡಿ ಆಗತ್ತೆ.”

“ಕನ್ನಡಿ ಅಲ್ಲ, ಕಾರು ಬೋಳಾಗತ್ತೆ. ನೀವು ಆಚೆ ನಿಲ್ಲಿ.”

“ಪಾತ್ರೆ ತೊಳೆಯೋ ಪುಡಿ?”

“ನಿಮ್ಮ ತಲೆಗೆ ಹಾಕ್ಕೊಳ್ಳಿ!”

ಔಷಧಿ ಅಂಗಡಿಯವರು ಬೇಜಾರು ಮಾಡಿಕೊಳ್ಳುವ ಜಾಯಮಾನದವರಲ್ಲ. ಒಳಗೇ ಬಂದು, ನೆಲದ ಮೇಲೆ ಬಿದ್ದಿದ್ದ ಚಕ್ರದ ಸ್ಪಂಜನ್ನು ಎತ್ತಿಕೊಂಡು, “ಪಾಪ, ಒಬ್ಬರೇ ಒದ್ದಾಡ್ತಿದ್ದೀರಿ, ಇರಿ ನಾನೂ ಕೈ ಹಾಕ್ತೀನಿ” ಎಂದು ಬಾನೆಟ್ ಕಡೆ ಕೈ ಚಾಚಿದರು. ಮರಳು, ಕಬ್ಬಿಣದ ಪುಡಿ ಎರಡೂ ಅಂಟಿದ ಸ್ಪಂಜು! ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಮುಖ ಅರಳಿತು. ಮೇಷ್ಟ್ರ ಕಾಲು ನೆಲ ಒತ್ತಿತು, ಆದರೆ ಔಷಧಿ ಅಂಗಡಿಯವರು ನಿಲ್ಲಲಿಲ್ಲ. ಕೊನೆಗೆ ಮೇಷ್ಟ್ರು ಕೈಯಲ್ಲಿದ್ದ ಪೈಪನ್ನೇ ತಿರುಗಿಸಿ ಅವರ ಎದೆಗೆ ನೀರು ಬಿಟ್ಟರು.

“ಏನ್ ಮೇಷ್ಟ್ರೇ ಇದು, ಸಹಾಯಕ್ಕೆ ಬಂದವನಿಗೆ ಸ್ನಾನ ಮಾಡಿಸ್ತೀರಲ್ಲ!”

“ಕೈ ಹಾಕಿದರೆ ಬಟ್ಟೆನೂ ಒಗೀತೀನಿ! ನನ್ನ ಕಾರು, ನಾನೇ ತೊಳೀತೀನಿ!”

ಈ ಜಯದ ಅಮಲಿನಲ್ಲೇ ಮೇಷ್ಟ್ರು ಎಡವಿದರು. ಒಂದೊಂದು ಭಾಗಕ್ಕೆ ಶಾಂಪೂ ಹಚ್ಚಿ ಆಗಿಂದಾಗ್ಗೆ ತೊಳೆಯಬೇಕು ಎಂಬುದು ಗೊತ್ತಿದ್ದೂ, ಇಡೀ ಬೀದಿ ನೋಡಲಿ ಎಂದು ಕಾರಿಗೆ ತುದಿಯಿಂದ ಬುಡದವರೆಗೆ ಒಂದೇ ಸಲ ನೊರೆ ಬಳಿದರು. ಕಾರು ಗಡ್ಡ ಬೋಳಿಸಿಕೊಳ್ಳಲು ಕೂತ ಗಿರಾಕಿಯ ಹಾಗೆ ಕಾಣುತ್ತಿತ್ತು. ಮೇಷ್ಟ್ರು ಪೈಪು ಎತ್ತಿದರು. ಪೈಪು ಎರಡು ಸಲ ಕೆಮ್ಮಿ ಸುಮ್ಮನಾಯಿತು.

“ಟ್ಯಾಂಕು ಖಾಲಿ!” ಮೇಲಿನಿಂದ ಮಹಡಿ ಮನೆಯ ಆಂಟಿಯ ಧ್ವನಿ ಬಂತು. ಎರಡು ಮನೆಗೂ ಒಂದೇ ಟ್ಯಾಂಕು, ಮೋಟಾರಿನ ಸ್ವಿಚ್ಚು ಆಂಟಿಯ ಬಾಗಿಲ ಬಳಿ. “ನನ್ನ ತಲೆಗೆ ಹಾಕಿದ ಸೋಪು ಹಾಗೇ ಇದೆ. ಬೆಳಗ್ಗಿಂದ ಬೀದಿಗೆಲ್ಲ ನೀರು ಕುಡಿಸಿದೀರಲ್ಲ, ಆ ತಿರುವಿನಲ್ಲಿ ನೋಡಿ, ಕೆರೆ ಕಟ್ಟಿದೆ!”

ನಿಜವೇ. ಪೈಪ್ ಹಾಕಲು ಅಗೆದು ಬಿಟ್ಟಿದ್ದ ಬೀದಿಯ ತಿರುವಿನ ಹಳ್ಳದಲ್ಲಿ ಕಾರು ತೊಳೆದ ನೀರೆಲ್ಲ ಹೋಗಿ ನಿಂತು, ಕಂದು ಬಣ್ಣದ ಪುಟ್ಟ ಕೆರೆಯೇ ಆಗಿತ್ತು.

“ಕಟ್ಟಲಿ ಬಿಡಿ, ಅಲ್ಲಿ ಯಾರು ಹೋಗ್ತಾರೆ? ಮೊದಲು ಮೋಟಾರ್ ಹಾಕಿ!”

“ತಪ್ಪಾಯ್ತು ಅನ್ನಿ, ಹಾಕ್ತೀನಿ.”

ಬಿಸಿಲು ಏರುತ್ತಿತ್ತು. ನೊರೆ ಒಣಗಿದರೆ ಬಣ್ಣದ ಮೇಲೆ ಕಲೆ ಕೂರುತ್ತದೆ, ಕಲೆ ಕೂತರೆ ಪಂದ್ಯ ಸೋತಂತೆ. ಒಂದು ಪದ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮೇಷ್ಟ್ರಿಗೆ ಆ ಹೊತ್ತು ಪ್ರಾಣಕ್ಕಿಂತ ಹಟ ದೊಡ್ಡದಾಗಿತ್ತು. “ಹೇಳಲ್ಲ!” ಎಂದು ಗುಡುಗಿ ಅಡುಗೆಮನೆಗೆ ನುಗ್ಗಿದರು. ಕುಡಿಯಲು ತಂದಿಟ್ಟಿದ್ದ ಎರಡು ದೊಡ್ಡ ಕ್ಯಾನ್ ನೀರನ್ನೂ ಹೊತ್ತು ತಂದು, ಚೊಂಬು ಚೊಂಬಾಗಿ, ಕೂಸಿಗೆ ಎರೆಯುವಂತೆ ಕಾರಿಗೆ ಎರೆದರು.

“ರೀ, ಅಮ್ಮ ಬಂದ್ರೆ ಏನು ಕುಡೀತಾಳೆ?” ಹೆಂಡತಿ ಕಿಟಕಿಯಿಂದ ಕೂಗಿದಳು.

“ನನ್ನ ರಕ್ತ ಕುಡೀಲಿ!”

ನೊರೆ ಇಳಿಯಿತು. ಮೆತ್ತನೆಯ ಟವೆಲ್ಲಿನಲ್ಲಿ ನೀರು ಒತ್ತಿ ತೆಗೆದದ್ದೂ ಆಯಿತು. ಕಾರನ್ನು ನೆರಳಿಗೆ ತಳ್ಳಿ, ವ್ಯಾಕ್ಸ್ ಡಬ್ಬಿ ತೆರೆದು, ತೆಳ್ಳಗೆ ಒಂದು ಪದರ ಹಚ್ಚಿ, ಅದು ಒಣಗಿ ಮಂಜಿನಂತೆ ಮಬ್ಬಾಗುವವರೆಗೆ ಕಾದರು. ಒರೆಸಿ ತೆಗೆಯಲು ಹೊರಟಾಗ ಹೊಸ ಬಟ್ಟೆ ಎಲ್ಲಿಟ್ಟೆ ಎಂದು ನೆನಪಾಗಲಿಲ್ಲ. ಹೆಂಡತಿಯನ್ನು ಕೇಳುವ ಪ್ರಶ್ನೆಯೇ ಇಲ್ಲ. ಮನೆಯಲ್ಲಿದ್ದ ಬಟ್ಟೆಗಳಲ್ಲೆಲ್ಲ ಒಗೆದೊಗೆದು ಬೆಣ್ಣೆಯಂತಾಗಿದ್ದದ್ದು ಮೈಮೇಲಿನ ಬನಿಯನ್ನೇ. ಅದನ್ನು ಕಳಚಿ, ಬೆಳಗ್ಗೆ ಹೆಂಡತಿ ಬೆರಳೆಳೆದ ಜಾಗದಿಂದ ಶುರುಮಾಡಿ, ಚಕ್ರದ ಕಡ್ಡಿಗಳ ಸಂದುಗೊಂದುಗಳವರೆಗೆ ಒರೆಸಿದರು. ಮುಂದೆ ಕೊಳೆ ಅಂಟದಿರಲೆಂದು ಚಕ್ರಗಳಿಗೂ ಒಂದು ಲೇಪ ಕೊಟ್ಟರು.

ಕೊನೆಗೆ ದೂರ ನಿಂತು ನೋಡಿದರು. ಆಕಾಶ, ಮಹಡಿ, ಮಹಡಿಯ ಆಂಟಿ ಎಲ್ಲ ಬಾನೆಟ್ಟಿನಲ್ಲಿ ಕಾಣುತ್ತಿದ್ದವು. ಇಷ್ಟು ಚೆಂದದ್ದು ಯಾವುದೂ ಅವರ ಬದುಕಿನಲ್ಲಿ ಅವರೊಬ್ಬರದೇ ಆಗಿದ್ದಿಲ್ಲ.

ಅಷ್ಟರಲ್ಲಿ ಗೇಟಿನ ಮುಂದೆ ಆಟೊ ನಿಂತು ಅತ್ತೆಯವರು ಇಳಿದರು. ಬರಿಮೈಯಲ್ಲಿ ನಿಂತಿದ್ದ ಅಳಿಯನನ್ನು ಒಂದು ಸಲ, ಕಾರನ್ನು ಎರಡು ಸಲ ನೋಡಿದರು. ಚೀಲದಿಂದ ಕನ್ನಡಕ ತೆಗೆದು ಏರಿಸಿಕೊಂಡು ಕೆಲಸಕ್ಕೆ ಇಳಿದೇಬಿಟ್ಟರು. ಬಾಗಿಲಿನ ಅಂಚು, ಕನ್ನಡಿಯ ಹಿಂಭಾಗ, ಪೆಟ್ರೋಲ್ ಮುಚ್ಚಳ. ಮೊಣಕಾಲೂರಿ ಚಕ್ರದೊಳಗೆ ಬೆರಳು ತೂರಿಸಿ, ಹೊರತೆಗೆದು ನೋಡಿದರು. ಬೆರಳು ಬೆಳ್ಳಗೇ ಇತ್ತು. ಔಷಧಿ ಅಂಗಡಿಯವರು ಒಣ ಅಂಗಿ ಹಾಕಿಕೊಂಡು ಬಂದು ಉಸಿರು ಬಿಗಿಹಿಡಿದಿದ್ದರು.

“ಇಲ್ಲೊಂದು ಗೆರೆ ಇದೆ ಅಳಿಯಂದ್ರೇ,” ಎಂದರು ಅತ್ತೆಯವರು, ಬಾನೆಟ್ ಮೇಲೆ ಬಗ್ಗಿ.

ಮೇಷ್ಟ್ರ ಕಾಲು ನೆಲದಲ್ಲಿ ಹೂತುಹೋಯಿತು. ಬೆಳಗಿನ ಬೆರಳು! ಅತ್ತೆಯವರು ಉಗುರಿನ ತುದಿಯಿಂದ ಆ ಗೆರೆಯನ್ನು ಎತ್ತಿ, ಬೆಳಕಿಗೆ ಹಿಡಿದರು. ನರೆತ ಕೂದಲು.

“ನಂದೇ,” ಎಂದು ಊದಿದರು. “ಪಾಸು.”

ಮೇಷ್ಟ್ರು ಬನಿಯನ್ನನ್ನು ಬಾವುಟದಂತೆ ಬೀಸಿದರು. “ಕೇಳಿದ್ರಾ ಎಲ್ಲರೂ? ನಾನೊಬ್ಬನೇ! ಯಾರ ಹಂಗೂ ಇಲ್ಲದೆ! ಈ ಕಾರು ಎಲ್ಲೂ ಹೋಗಲ್ಲ!”

“ಹೋಗಲ್ಲಪ್ಪ, ಇಲ್ಲೇ ಇರತ್ತೆ. ಆಡಿದ ಮಾತಿಗೆ ನಾನು ತಪ್ಪಲ್ಲ,” ಎಂದಳು ಹೆಂಡತಿ.

“ಸರಿ, ಗಂಟಲು ಒಣಗಿದೆ. ಕುಡಿಯೋಕೆ ನೀರು ಕೊಡಮ್ಮ,” ಎಂದರು ಅತ್ತೆಯವರು.

“ನೀರೆಲ್ಲ ಕಾರು ಕುಡೀತಮ್ಮ. ಬಾ, ಹೋಗಿ ತರೋಣ.” ಹೆಂಡತಿ ಅಂಗಳದಲ್ಲಿದ್ದ ಒಂದು ಖಾಲಿ ಕ್ಯಾನನ್ನೂ ಒಳಗಿನಿಂದ ಕಾರಿನ ಕೀಯನ್ನೂ ತಂದು, ಬಾಗಿಲು ತೆಗೆದು, ಸ್ಟೀರಿಂಗಿನ ಮುಂದೆ ಕೂತಳು. ಕನ್ನಡಿ ಸರಿಮಾಡಿಕೊಂಡು ಬೆಲ್ಟ್ ಬಿಗಿದಳು.

“ಏಯ್! ಏನ್ ಮಾಡ್ತಿದ್ದೀಯ? ನಿನಗೆ ಎಲ್ಲಿ ಬರತ್ತೆ?”

“ಹೊಲಿಗೆ ಕ್ಲಾಸಿನ ಪಕ್ಕದಲ್ಲೇ ಇನ್ನೊಂದು ಡ್ರೈವಿಂಗ್ ಸ್ಕೂಲಿದೆಯಲ್ಲ, ನೀವು ಬೈತಿರ್ತೀರಲ್ಲ, ಅಲ್ಲಿ ಕಲಿತೆ. ಲೈಸೆನ್ಸೂ ಬಂತು. ಅಲ್ಲಿನ ಮೇಷ್ಟ್ರು ಕೂಗಾಡಲ್ಲ ರೀ.”

ಪಕ್ಕದ ಸೀಟಿನಲ್ಲಿ ಕೂತು, ಕ್ಯಾನನ್ನು ತೊಡೆಯ ಮೇಲಿಟ್ಟುಕೊಳ್ಳುತ್ತ ಅತ್ತೆಯವರು ಸಮಾಧಾನ ಹೇಳಿದರು. “ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ಮೊದಲ ಸವಾರಿಗೆ ಬಾ ಅಂತ ಹೋದ ವಾರವೇ ಕರೆದಿದ್ದಳು. ಧೂಳು ಹಿಡಿದ ಕಾರಲ್ಲಿ ಕೂರಲ್ಲ ಅಂತ ನಾನೇ ಅಂದೆ. ಯಾರ ಕೈಲಿ ತೊಳೆಸಬೇಕು ಅಂತ ನಂಗೊತ್ತು ಬಿಡಮ್ಮ ಅಂದಳು. ಚೆನ್ನಾಗಿ ತೊಳೆದಿದ್ದೀರಿ.”

“ಮತ್ತೆ ನಾನು?” ಮೇಷ್ಟ್ರ ಧ್ವನಿ ಹೊರಟದ್ದು ಅವರಿಗೇ ಸರಿಯಾಗಿ ಕೇಳಲಿಲ್ಲ.

“ಎರಡೇ ಸೀಟಲ್ವೇನ್ರೀ?” ಎಂದಳು ಹೆಂಡತಿ. “ಬೇರೆಯವರಿಗೆ ಜಾಗ ಇರಬಾರದು ಅಂತಲೇ ತಗೊಂಡಿದ್ದಲ್ವಾ?”

ಕಾರು ಗುಡುಗಿ, ಹಿಂದಕ್ಕೆ ಜಾರಿ, ಗೇಟಿನ ಕಂಬಗಳ ನಡುವಿನಿಂದ ನೂಲು ಹಿಡಿದಂತೆ ಹೊರಬಿತ್ತು. ಮೇಷ್ಟ್ರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ಒಂದು ತಪ್ಪು ಸಿಗಲಿಲ್ಲ. ಅದೇ ಹೆಚ್ಚು ಉರಿಯಿತು. ಆಮೇಲೆ ಕಾರು ತಿರುವಿನ ಕಡೆ ಮೂತಿ ತಿರುಗಿಸಿತು.

“ಅಲ್ಲಿ ಹಳ್ಳ! ನೀರು! ಬ್ರೇಕ್! ಬ್ರೇಕ್!”

ಮೇಷ್ಟ್ರ ಬಲಗಾಲು ತನ್ನೆಲ್ಲ ಶಕ್ತಿ ಹಾಕಿ ಒತ್ತಿತು. ಅಡಿಯಲ್ಲಿದ್ದದ್ದು ಚಕ್ರ ತೊಳೆದ ಕಪ್ಪು ನೀರಿನ ಬಕೆಟ್. ಕಾಲು ಮೊಣಕಾಲವರೆಗೆ ಇಳಿದು ಸಿಕ್ಕಿಕೊಂಡಿತು. ಅತ್ತ, ಅವರೇ ಬೆಳಗಿನಿಂದ ಕಟ್ಟಿದ್ದ ಕೆರೆಗೆ ಕಾರು ನುಗ್ಗಿತು. ಕಂದು ನೀರು ಎರಡು ಬದಿಯಲ್ಲೂ ಎದ್ದು, ಬಾಗಿಲು, ಬಾನೆಟ್, ಚಕ್ರ ಒಂದನ್ನೂ ಬಿಡದೆ ಅಪ್ಪಿಕೊಂಡು ಇಳಿಯಿತು. ವೈಪರ್ ಎರಡು ಸಲ ಆಡಿತು, ಕಾರು ಮರೆಯಾಯಿತು.

ಮೇಷ್ಟ್ರು ಬಕೆಟ್ ಸಮೇತ ಗೇಟಿನವರೆಗೆ ಕುಂಟಿಕೊಂಡು ಹೋಗಿ, ಖಾಲಿ ತಿರುವಿಗೆ ಬನಿಯನ್ ಬೀಸಿ ಕೂಗಿದರು.

“ವಾಪಸ್ ಬರಲಿ! ಮತ್ತೆ ತೊಳೀತೀನಿ! ನಾನೊಬ್ಬನೇ ತೊಳೀತೀನಿ! ಯಾರೂ ಮುಟ್ಟೋ ಹಾಗಿಲ್ಲ!”

“ಖಂಡಿತ ಮುಟ್ಟಲ್ಲ ಮೇಷ್ಟ್ರೇ,” ಎಂದು ಔಷಧಿ ಅಂಗಡಿಯವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಮಹಡಿ ಮನೆಯ ಆಂಟಿ ಮಾತ್ರ ಹೋಗಿ, ಮೋಟಾರಿನ ಸ್ವಿಚ್ ಪೆಟ್ಟಿಗೆಗೆ ಬೀಗ ಹಾಕಿ, ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು.