ದೊರೆಯ ಕೊರಳಿಗೆ ಐದು ಹಗ್ಗ

ಕುರಿಗಳಿಂದ ನನಗೆ ಈವರೆಗೆ ಯಾವ ತೊಂದರೆಯೂ ಆಗಿಲ್ಲ. ಆದದ್ದೆಲ್ಲ ಕುರಿ ಸಂಘದಿಂದ. ನಮ್ಮ ಸೀಮೆಯ ಜವಾರಿ ಕರಿ ಕುರಿ ತಳಿಯನ್ನು ಉಳಿಸಲೆಂದು ಕಟ್ಟಿದ ಸಂಘಕ್ಕೆ ನಾನು ಕಾರ್ಯದರ್ಶಿಯಾದಂದಿನಿಂದ ಇಂಥ ಪ್ರಸಂಗಗಳು ನಿಂತಿಲ್ಲ. ಒಂದನ್ನು ಮರೆಯೋಣ ಎನ್ನುವಷ್ಟರಲ್ಲಿ ಇನ್ನೊಂದು ಗೂಡ್ಸ್ ಆಟೋದಿಂದ ಇಳಿಯುತ್ತದೆ.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಸಂಶೋಧನೆ ಮಾಡಿದ್ದು ಬಸವನಹುಳುವಿನ ಮೇಲೆ. ಇದನ್ನು ಸಂಘದ ಅಧ್ಯಕ್ಷರಿಗೆ ಮೊದಲೇ ಹೇಳಿದ್ದೆ. "ಅದೂ ಪ್ರಾಣೀನೇ ಅಲ್ಲೇನ್ರಿ? ಸಾಕು ಬಿಡ್ರಿ" ಎಂದರು.

ಅಧ್ಯಕ್ಷರು ಕೊಂಡಜ್ಜಿ ಕಡೆಯವರು, ಹುಟ್ಟಿದಾಗಿನಿಂದ ಕುರಿಗಳ ಜೊತೆಗೇ ಇರುವವರು. ಅವರ ಹತ್ತಿರ ದೊರೆ ಎಂಬ ಟಗರು. ಕೊಂಬಿನಿಂದ ಗೊರಸಿನವರೆಗೆ ಕಪ್ಪು, ಬೆನ್ನ ಮೇಲೆ ದಟ್ಟ ಉಣ್ಣೆ, ನಡಿಗೆಯಲ್ಲಿ ವಿನಾಕಾರಣ ಗತ್ತು. ಸುತ್ತಲಿನವರೆಲ್ಲ ಬೇಗ ಮೈ ತುಂಬುವ ಹೊರಗಿನ ತಳಿಯ ಟಗರುಗಳನ್ನು ತಂದು ಹಿಂಡಿಗೆ ಬಿಟ್ಟ ಮೇಲೆ, ಅಚ್ಚ ಜವಾರಿ ಎಂದು ಧೈರ್ಯವಾಗಿ ಹೇಳಬಹುದಾದ ಬೀಜದ ಟಗರು ಇದೊಂದೇ ಉಳಿದಿತ್ತು. ತೊಂದರೆ ಏನೆಂದರೆ, ಅಧ್ಯಕ್ಷರ ಹಿಂಡಿನ ಕುರಿಗಳೆಲ್ಲ ಈಗ ಹೆಚ್ಚುಕಡಿಮೆ ದೊರೆಯ ಹೆಣ್ಣುಮಕ್ಕಳೇ. ಅವನನ್ನು ಇನ್ನು ಅಲ್ಲಿಟ್ಟುಕೊಳ್ಳುವ ಹಾಗಿಲ್ಲ. ಬೇರೆ ಹಿಂಡಿನವರು ಯಾರಾದರೂ ತಳಿಗೆಂದು ಕೊಳ್ಳಬೇಕು. ಕೊಳ್ಳದಿದ್ದರೆ ಮಟನ್ ಅಂಗಡಿ.

"ಈ ಸಲದ ಪ್ರದರ್ಶನದಾಗೆ ದೊರೆಗೊಂದು ಹಿಂಡು ಸಿಗ್ಲಿಲ್ಲ ಅಂದ್ರೆ ಸಂಘದ ಬೋರ್ಡು ಇಳಿಸಿಬಿಡಾಣ ಮೇಷ್ಟ್ರೆ" ಎಂದರು ಅಧ್ಯಕ್ಷರು. "ಒಂದು ಟಗರು ಉಳಿಸಾಕಾಗದೋರು ತಳಿ ಏನ್ ಉಳಿಸ್ತೀವಿ?"

ಬೋರ್ಡ್ ಇಳಿಸುವುದಕ್ಕೆ ನನ್ನದೇನೂ ತಕರಾರಿರಲಿಲ್ಲ. ದೊರೆಯ ವಿಷಯ ಬೇರೆ. ಅವನು ಒಮ್ಮೆ ನನ್ನ ಜೇಬಿನಲ್ಲಿದ್ದ ಕಾಲೇಜಿನ ಸುತ್ತೋಲೆಯನ್ನು ಎಳೆದು ತಿಂದಿದ್ದ. ಅಂದಿನಿಂದ ಅವನ ಮೇಲೆ ನನಗೆ ಗೌರವ.

೧. ಲಕ್ಷಣ

ಪ್ರದರ್ಶನದಲ್ಲಿ ಬಹುಮಾನ ಕೊಡಬೇಕಾದರೆ ತಳಿಯ ಲಕ್ಷಣ ಇಂಥದ್ದೆಂದು ಮೊದಲು ತೀರ್ಮಾನವಾಗಬೇಕಲ್ಲ? ಆನೆಕೊಂಡದ ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಸಭೆ ಸೇರಿತು. ನಡುವೆ ಪೇಪರ್ ಹಾಸಿ ಮಂಡಕ್ಕಿ ಸುರಿದು, ಪಕ್ಕದಲ್ಲಿ ಮಿರ್ಚಿ ಇಟ್ಟರು.

ಮಲೆಬೆನ್ನೂರಿನ ಸದಸ್ಯರು ಶುರು ಮಾಡಿದರು. "ಹಣೆ ಮ್ಯಾಲೆ ಒಂದು ಬಿಳಿ ಚುಕ್ಕಿ ಇರ್ಬೇಕ್ರಿ. ಅದೇ ಅಸಲಿ ಗುರ್ತು."

"ಯಾರು ಹೇಳಿದ್ದು?"

"ಯಾರು ಯಾಕ ಹೇಳ್ಬೇಕು? ನಮ್ಮನ್ಯಾಗೆ ಇರೋವಕ್ಕೆಲ್ಲ ಐತೆ."

ಇನ್ನೊಬ್ಬರು ಕೊಂಬು ಸುರುಳಿಯಾಗಿರಬೇಕು ಎಂದರು. ಮತ್ತೊಬ್ಬರ ಪ್ರಕಾರ ಕೊಂಬಿದ್ದರೆ ಅದು ನಮ್ಮ ಕುರಿಯೇ ಅಲ್ಲ. ಯಾರ ಹಟ್ಟಿಯಲ್ಲಿ ಏನಿತ್ತೋ ಅದೇ ಶುದ್ಧ ತಳಿ. ಮಿರ್ಚಿ ಮುಗಿಯುವ ಹೊತ್ತಿಗೆ ಹೇಗೋ ಕೈ ಎತ್ತಿಸಿ, ಮೈಯೆಲ್ಲ ಕಪ್ಪಿರಬೇಕು, ಎಲ್ಲೂ ಬಿಳಿ ಕೂಡದು ಎಂದು ತೀರ್ಮಾನಿಸಿದೆ. ಮಲೆಬೆನ್ನೂರಿನವರು ಮಂಡಕ್ಕಿ ಬಿಟ್ಟು ಎದ್ದು ನಿಂತರು. ದಾವಣಗೆರೆಯಲ್ಲಿ ಇದಕ್ಕಿಂತ ದೊಡ್ಡ ಪ್ರತಿಭಟನೆ ಇಲ್ಲ.

ಎಲ್ಲರೂ ಒಪ್ಪುವಂಥದ್ದು ಒಂದಾದರೂ ಇರಲಿ ಎಂದು ಕೊನೆಗೆ, "ಕುರಿ ನಾಲ್ಕು ಕಾಲಿನ ಮೇಲೆ ನೆಟ್ಟಗೆ ನಿಲ್ಲಬೇಕು" ಎಂದು ಸೇರಿಸಿದೆ.

ಹಿಂದಿನಿಂದ ಒಬ್ಬರು ಕೈ ಎತ್ತಿದರು. "ಅದ್ರಾಗೆ ಒಂಚೂರು ರಿಯಾಯ್ತಿ ಇಡ್ರಿ ಸಾರ್. ನಮ್ದೊಂದು ಕುಂಟ್ತೈತೆ."

೨. ಊಟದ ಪ್ರಶ್ನೆ

ಅದೇ ಸಭೆಯಲ್ಲಿ ಪ್ರದರ್ಶನದ ದಿನದ ಊಟದ ಮಾತು ಬಂತು. ಚಿತ್ರಾನ್ನ, ಮೊಸರನ್ನ ಎಂದೆ. ಕೋಣೆಯಲ್ಲಿ ಯಾರೋ ತೀರಿಕೊಂಡರೇನೋ ಎಂಬಂತೆ ಎಲ್ಲರೂ ಮಂಡಕ್ಕಿಯಿಂದ ಕೈ ತೆಗೆದರು.

"ಕುರಿ ಉಳಿಸಿ ಅಂತ ಬ್ಯಾನರ್ ಕಟ್ಟಿ, ಅದರ ಕೆಳಗೇ ಕುರಿ ಬೇಯಿಸೋದಾ?" ಎಂದು ಕೇಳಿದೆ. ನನ್ನ ತರ್ಕದ ಬಗ್ಗೆ ನನಗೆ ಹೆಮ್ಮೆಯೇ ಆಯಿತು.

ಅಧ್ಯಕ್ಷರು ಯೋಚಿಸಿದರು. "ಮೇಷ್ಟ್ರು ಹೇಳಾದು ಬರೋಬ್ಬರಿ ಐತೆ. ನಮ್ಮ ಕುರಿ ಕಡಿಯಾದು ತಪ್ಪು. ಅದಕ್ಕೇ ಹೊರಗಿನ ತಳೀದು ಕಡಿಯಾಣ. ಅವು ಕಡಿಮಿ ಆಗ್ಲಿ ಅನ್ನಾದೇ ನಮ್ಮ ಸಂಘದ ಉದ್ದೇಶ ಅಲ್ಲೇನ್ರಿ?"

ಸಂಘದ ಚರಿತ್ರೆಯಲ್ಲಿ ಸರ್ವಾನುಮತದಿಂದ ಪಾಸಾದ ಮೊದಲ ಠರಾವು ಅದು. ಮಲೆಬೆನ್ನೂರಿನವರೂ ಮತ್ತೆ ಕೂತರು.

ಮಾಂಸದ ಹೊಣೆ ಬಿದ್ದದ್ದು ಹರಿಹರದ ಮಟನ್ ಅಂಗಡಿಯವನ ಮೇಲೆ. ಅವನು ಸಂಘದ ಸದಸ್ಯನಲ್ಲ, ಆದರೆ ನಮ್ಮ ಎಲ್ಲ ಸಭೆಗಳಿಗೂ ತಪ್ಪದೆ ಬರುವ ಒಬ್ಬನೇ ಮನುಷ್ಯ. ಕುರಿಗಳ ಮೇಲೆ ಅವನಿಗೆ ನಿಜವಾದ ಪ್ರೀತಿ ಇದೆ. ಅದು ಕೆಜಿ ಲೆಕ್ಕದ್ದು, ಅಷ್ಟೆ. ಹೊರಡುವಾಗ ಅಧ್ಯಕ್ಷರ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದ.

"ದೊರೆಗೆ ಯಾರೂ ಸಿಗ್ಲಿಲ್ಲ ಅಂತ ಎದಿ ಒಡ್ಕೋಬ್ಯಾಡ್ರಿ ಯಜಮಾನ್ರೆ. ನಾನದೀನಿ."

೩. ಬೊಟ್ಟು

ಪ್ರದರ್ಶನ ನಡೆದದ್ದು ಹರಿಹರದಲ್ಲಿ, ಹೊಳೆ ದಂಡೆಯ ಹತ್ತಿರದ ಬಯಲಿನಲ್ಲಿ. ತೀರ್ಪುಗಾರರು ಒಬ್ಬ ನಿವೃತ್ತ ಪಶುವೈದ್ಯರು. ಕಟ್ಟುನಿಟ್ಟಿನ ಮನುಷ್ಯ, ದಪ್ಪ ಕನ್ನಡಕ. ಸಾಲಾಗಿ ನಿಂತ ಕುರಿಗಳನ್ನು ನೋಡಿ ನನ್ನ ಕಿವಿಯಲ್ಲಿ, "ಎಲ್ಲಾ ಸಾಧಾರಣ ಇವೆಯಲ್ಲ ಮೇಷ್ಟ್ರೆ?" ಎಂದರು.

ಮುಂದೆ ನಿಂತಿದ್ದ ಅಜ್ಜಿಗೆ ಅದು ಕೇಳಿಸಿತು. ಗಂಡ ತೀರಿದ ಮೇಲೆ ಹಿಂಡನ್ನು ಒಬ್ಬಳೇ ಸಂಭಾಳಿಸುವ ಗಟ್ಟಿಗಿತ್ತಿ. "ಛಲೋವು ಮನ್ಯಾಗೆ ಅದಾವಪ್ಪ. ಇಷ್ಟು ಜನದ ಕಣ್ಣು ಬಿದ್ರೆ ಅವು ಉಳೀತಾವೇನು?"

ಅಂದರೆ ದೃಷ್ಟಿಯಾದರೂ ನಷ್ಟವಿಲ್ಲ ಎನ್ನುವ ಕುರಿಗಳನ್ನು ಮಾತ್ರ ತಂದಿದ್ದರು. ಇನ್ನು ಒಳ್ಳೆಯದನ್ನೇ ತಂದ ಕೆಲವು ಧೈರ್ಯಸ್ಥರು ದೃಷ್ಟಿಬೊಟ್ಟು ಇಟ್ಟಿದ್ದರು. ಕರಿ ಕುರಿಗೆ ಕರಿ ಬೊಟ್ಟು ಕಾಣುವುದಿಲ್ಲವಲ್ಲ, ಸುಣ್ಣದ ಬೊಟ್ಟು. ವೈದ್ಯರು ನಿಯಮ ನೋಡಿದರು, ಹಣೆ ನೋಡಿದರು. ಎಲ್ಲೂ ಬಿಳಿ ಕೂಡದು. ಅಚ್ಚ ಕಪ್ಪು ಕುರಿಗಳನ್ನೆಲ್ಲ ಒಂದೊಂದಾಗಿ ಸಾಲಿನಿಂದ ಹೊರಗೆ ಕಳಿಸಿದರು. ಅದು ಸುಣ್ಣ ಎಂದು ನಾನು ಹೇಳಹೋದರೆ, "ತೀರ್ಪುಗಾರ ನೀವೋ ನಾನೋ?" ಎಂದರು. ದೊರೆ ಮಾರಾಟದ ಟಗರಾದ್ದರಿಂದ ಸ್ಪರ್ಧೆಯಲ್ಲಿರಲಿಲ್ಲ. ಇದ್ದಿದ್ದರೆ ಅವನೂ ಹೊರಗೇ, ಅಧ್ಯಕ್ಷರು ಅವನ ಹಣೆಗೂ ಸುಣ್ಣ ಹಚ್ಚಿದ್ದರು.

ಮೊದಲ ಬಹುಮಾನ ಮಲೆಬೆನ್ನೂರಿನವರ ಕುರಿಗೆ ಬಂತು. ವೈದ್ಯರು ಅಭಿಮಾನದಿಂದ ಅದರ ಹಣೆ ಸವರಿದರು. ಅಂಗೈ ಕಪ್ಪಾಯಿತು. ಸವರಿದ ಜಾಗದಲ್ಲಿ ಬಿಳಿ ಚುಕ್ಕೆ ಮೂಡಿತು.

"ಏನ್ರೀ ಇದು, ಕಾಡಿಗೆ?"

ಮಲೆಬೆನ್ನೂರಿನವರು ಮುಖದ ಗೆರೆ ಅಲುಗಿಸಲಿಲ್ಲ. "ದೃಷ್ಟಿಬೊಟ್ಟು ಸಾರ್. ಉಳಿದೋರಂಗೆ ನಾವು ಸುಣ್ಣ ಬಳಿಯಲ್ಲ. ಶಾಸ್ತ್ರದ ಪ್ರಕಾರ ಕರೇದೇ ಇಡಾದು."

೪. ಭಾಷಣ

ಉದ್ಘಾಟನೆಗೆ ಬೆಳಿಗ್ಗೆ ಬರಬೇಕಿದ್ದ ಮುಖ್ಯ ಅತಿಥಿಗಳು ಊಟದ ಹೊತ್ತಿಗೆ ಸರಿಯಾಗಿ ಬಂದರು. ಅವರು ಮುಂದಿನ ಚುನಾವಣೆಗೆ ನಿಲ್ಲುವ ಅಂದಾಜಿನಲ್ಲಿದ್ದರು. ಮೈಕ್ ಹಿಡಿದು ಕುರಿಗಳ ಒಗ್ಗಟ್ಟನ್ನು ಹೊಗಳಿದರು. ಮುಂದಿನದು ನಡೆದರೆ ಉಳಿದವು ಎಲ್ಲಿಗೆ, ಯಾಕೆ ಎಂದು ಕೇಳದೆ ಹಿಂದೆ ಹೋಗುತ್ತವೆ, ಜಿಲ್ಲೆಯ ಜನ ಅದನ್ನು ಕಲಿಯಬೇಕು, ತಾನು ಮುಂದೆ ನಡೆಯಲು ಸಿದ್ಧ ಎಂದರು. ಜೋರಾಗಿ ಚಪ್ಪಾಳೆ ಬಿತ್ತು.

ಚುನಾವಣೆಗೆ ಮೊದಲೇ ಇಷ್ಟು ಪ್ರಾಮಾಣಿಕವಾಗಿ ಮಾತಾಡಿದ ಇನ್ನೊಬ್ಬ ರಾಜಕಾರಣಿಯನ್ನು ನಾನು ನೋಡಿಲ್ಲ.

೫. ಟವೆಲ್

ಊಟವಾಯಿತು. ಇನ್ನು ಉಳಿದದ್ದು ದೊರೆ.

ಬಹಿರಂಗ ಹರಾಜು ನನ್ನ ಯೋಜನೆ. ಎಲ್ಲ ಪಾರದರ್ಶಕವಾಗಿರಲಿ, ಜನ ಪೈಪೋಟಿಯಲ್ಲಿ ಬೆಲೆ ಏರಿಸಲಿ ಎಂದು. ದೊರೆಯನ್ನು ವೇದಿಕೆ ಪಕ್ಕದ ಕಂಬಕ್ಕೆ ಕಟ್ಟಿ, ಮೈಕ್ ಹಿಡಿದು ಕೂಗಿದೆ. "ಹೇಳ್ರಿ, ಯಾರ ಬೆಲೆ?" ಯಾರೂ ಹೇಳಲಿಲ್ಲ. ಮತ್ತೆ ಕೂಗಿದೆ. ಜನ ಹೊಳೆ ನೋಡಿದರು. ದೊರೆ ನನ್ನನ್ನು ನೋಡಿದ. ಮಟನ್ ಅಂಗಡಿಯವನು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡ.

ಅಧ್ಯಕ್ಷರು ಬಂದು ಮೈಕ್ ಆಫ್ ಮಾಡಿದರು. "ನಾಕು ಜನದ ಮುಂದೆ ರೇಟು ಒದರಾದು ಮರ್ಯಾದಸ್ಥರ ಕೆಲ್ಸ ಅಲ್ಲ ಮೇಷ್ಟ್ರೆ. ಸಂತ್ಯಾಗೆ ಯಾರಾದ್ರೂ ಒದರ್ತಾರೇನು? ಟವೆಲ್ ಹಾಕ್ರಿ." ತಮ್ಮ ಹೆಗಲ ಟವೆಲ್ ತೆಗೆದು ನನ್ನ ಬಲಗೈ ಮೇಲೆ ಹೊದಿಸಿದರು. "ಟಗರು ನಂದು, ನಾನು ನಿಂತ್ರೆ ದಾಕ್ಷಿಣ್ಯ ಆಗ್ತೈತೆ. ನೀವು ಸುಮ್ನೆ ಕೈ ಕೊಡ್ರಿ. ಅವ್ರು ಒಳಗೆ ಬೆರಳು ಹಿಡಿದು ರೇಟು ತಿಳಿಸ್ತಾರೆ. ಆಮ್ಯಾಲೆ ನಂಗೆ ಬಂದು ಹೇಳ್ರಿ." ಇಷ್ಟು ಹೇಳಿ, ನೋಡಲಾರದೆ, ಮರದ ಮರೆಗೆ ಹೋಗಿ ಬೀಡಿ ಹಚ್ಚಿದರು.

ಟವೆಲ್ ಬಿದ್ದದ್ದೇ ತಡ, ಜನ ಎದ್ದರು. ಮಲೆಬೆನ್ನೂರಿನವರು ಬಂದು ಟವೆಲ್ ಒಳಗೆ ನನ್ನ ಬೆರಳುಗಳನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು ಮುಖ ನೋಡಿದರು. ನಾನು ಕಾಲೇಜಿನ ಸಮಾರಂಭಗಳಲ್ಲಿ ಮಾಡುವಂತೆ ಅವರ ಕೈಯನ್ನು ಗಟ್ಟಿಯಾಗಿ ಅದುಮಿ, ಕುಲುಕಿ, "ಸಂತೋಷ" ಎಂದೆ. ಅವರ ಮುಖ ಅರಳಿತು. ನಂತರ ಅಜ್ಜಿ ಬಂದಳು. ಅವಳ ಕೈಯನ್ನೂ ಕುಲುಕಿದೆ. ಆಮೇಲೆ ಕುಂಟು ಕುರಿಯ ಸದಸ್ಯರು. ಆಮೇಲೆ ಹೊಳೆಯಾಚೆಯ ಊರಿನವರೊಬ್ಬರು. ಕೊನೆಗೆ ಮಟನ್ ಅಂಗಡಿಯವನು. ಪಕ್ಷಪಾತ ಸಲ್ಲದೆಂದು ಅವನ ಕೈಯನ್ನೂ ಅಷ್ಟೇ ಗಟ್ಟಿಯಾಗಿ ಅದುಮಿದೆ.

ಅಧ್ಯಕ್ಷರಿಗೆ ವರದಿ ಒಪ್ಪಿಸಿ ಇಬ್ಬರೂ ತಿರುಗಿ ನೋಡಿದರೆ, ಕಂಬದ ಹತ್ತಿರ ಗಲಾಟೆ. ನಮ್ಮ ಕಡೆ ಕೊಂಡವನು ತನ್ನದೇ ಹೊಸ ಹಗ್ಗ ಹಾಕಿ ಪ್ರಾಣಿಯನ್ನು ಒಯ್ಯುವುದು ರೂಢಿ. ದೊರೆಯ ಕೊರಳಲ್ಲಿ ಐದು ಹಗ್ಗಗಳಿದ್ದವು. ಐದು ಜನ ಐದು ಕಡೆ ಎಳೆಯುತ್ತಿದ್ದರು. ದೊರೆ ನಡುವೆ ಕಂಬದ ಹಾಗೆ ನಿಂತಿದ್ದ.

"ಅದುಮಿದ್ರಾ?" ಎಂದರು ಅಧ್ಯಕ್ಷರು.

"ಎಲ್ಲರದ್ದೂ" ಎಂದೆ.

"ಅದುಮಿದ್ರೆ ವ್ಯಾಪಾರ ಮುಗೀತು ಅಂತ್ರಿ! ಬಸವನಹುಳಕ್ಕೆ ಕೈ ಇರಂಗಿಲ್ಲ ಖರೆ, ನಿಮಗೆ ಐತಲ್ರೀ!"

ಕೈ ಅದುಮಿದ ಮೇಲೆ ಮಾತಿನಿಂದ ಹಿಂದೆ ಸರಿದವನು ಮತ್ತೆ ಈ ಸೀಮೆಯ ಯಾವ ಸಂತೆಯಲ್ಲೂ ಕಾಲಿಡುವ ಹಾಗಿಲ್ಲ. ಐವರೂ ಹಗ್ಗ ಬಿಡಲು ತಯಾರಿಲ್ಲ. ನಾನು ಕ್ಷಮೆ ಕೇಳಿದೆ. ಕ್ಷಮೆಯನ್ನು ಯಾವ ಕಂಬಕ್ಕೂ ಕಟ್ಟಲಾಗುವುದಿಲ್ಲ ಎಂದು ಕುಂಟು ಕುರಿಯವರು ಹೇಳಿದರು.

ಕಡೆಗೆ ದಾರಿ ತೋರಿಸಿದವಳು ಅಜ್ಜಿ. "ಯಾಕ ಬಡಿದಾಡ್ತೀರಿ? ಗದ್ದಿಗೆ ಕಾಲುವೆ ನೀರು ಪಾಳಿ ಮ್ಯಾಲೆ ಬಿಡಲ್ಲೇನು? ಟಗರಿಗೂ ಪಾಳಿ ಹಾಕ್ರಿ. ಒಬ್ಬೊಬ್ಬರ ಹಿಂಡಿನಾಗೆ ಒಂದೊಂದು ತಿಂಗಳು."

ಎಲ್ಲರೂ ತಲೆಯಾಡಿಸಿದರು. ಬೆಲೆಯನ್ನೂ ಹಾಗೇ ಹಂಚಿಕೊಂಡರು. ನಾನು ಮನಸ್ಸಿನಲ್ಲೇ ಹಿಂಡುಗಳನ್ನು ಲೆಕ್ಕ ಹಾಕಿದೆ. ಒಂದೇ ಹಿಂಡಿನಲ್ಲಿ ಸಿಕ್ಕಿಕೊಂಡಿದ್ದ ತಳಿ ಇನ್ನು ನಾಲ್ಕು ಹಿಂಡುಗಳಿಗೆ ಹರಿಯುತ್ತದೆ. ಪ್ರಾಣಿಶಾಸ್ತ್ರದ ಪ್ರಕಾರ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ನನ್ನ ಕೈಯ ಬಗ್ಗೆ ಗೌರವ ಮೂಡತೊಡಗಿತ್ತು. ಆಗ ಮಟನ್ ಅಂಗಡಿಯವನು ತನ್ನ ಹಗ್ಗವನ್ನು ನಯವಾಗಿ ಬಿಚ್ಚಿ ಸುತ್ತಿಕೊಂಡ.

"ನನ್ನ ಪಾಳಿ ಕಟ್ಟಕಡೀಗೆ ಇರ್ಲಿ ಬಿಡ್ರಿ" ಎಂದ. "ನಂಗೇನು ಅವಸರ ಇಲ್ಲ."

ಇದರ ಅರ್ಥ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಅವನ ತಿಂಗಳಾದ ಮೇಲೆ ಇನ್ಯಾರ ತಿಂಗಳೂ ಇರುವುದಿಲ್ಲ.

ಅಧ್ಯಕ್ಷರು ಮಾತ್ರ ನಗುತ್ತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಹೆದರ್ಬ್ಯಾಡ್ರಿ ಮೇಷ್ಟ್ರೆ. ನಮ್ಮ ಕಾಲುವೆ ಕಡೇ ಭಾಗದೋರಿಗೆ ಯಾವತ್ತಾದ್ರೂ ನೀರು ಮುಟ್ಟೈತೇನ್ರಿ? ಮ್ಯಾಲಿನೋರು ಹೆಚ್ಚಾಗ್ತಾ ಹೋಗ್ಬೇಕು, ಅಷ್ಟೇ."

ಅಂದಿನಿಂದ ನಮ್ಮ ಸಂಘ ಬೆಳೆಯುತ್ತಿದೆ. ನಾನು ರಜೆಯ ದಿನ ಹಟ್ಟಿಯಿಂದ ಹಟ್ಟಿಗೆ ಓಡಾಡಿ, ದೊರೆಯ ಪಾಳಿಗೆ ಹೊಸ ಹಿಂಡಿನವರನ್ನು ಹುಡುಕಿ, ಪಟ್ಟಿಯಲ್ಲಿ ಮಟನ್ ಅಂಗಡಿಯವನ ಹೆಸರಿಗಿಂತ ಮೇಲೆ ಸೇರಿಸುತ್ತೇನೆ. ತಳಿ ಸಂರಕ್ಷಣೆಯ ಬಗ್ಗೆ ನನ್ನ ಉಪನ್ಯಾಸ ಕೇಳಿ ಒಬ್ಬರೂ ಸದಸ್ಯರಾಗಿರಲಿಲ್ಲ. ಈಗ, "ನೀವು ಸೇರದಿದ್ದರೆ ಮುಂದಿನ ಪಾಳಿ ಅವನದು" ಎಂದರೆ ಸಾಕು, ಒಳಗೆ ಕರೆದು ಚಹಾ ಕೊಟ್ಟು ಸೇರುತ್ತಾರೆ. ಅಜ್ಜಿಯ ಹಟ್ಟಿಯಲ್ಲಿ ಕಾಡಿಗೆಯಷ್ಟು ಕಪ್ಪು ಮರಿಗಳು ಕುಣಿಯುತ್ತಿವೆ. ಎಲ್ಲದರ ಹಣೆಗೂ ಸುಣ್ಣದ ಬೊಟ್ಟು. ಬೋರ್ಡಿಗೆ ಹೊಸ ಬಣ್ಣ ಬಂದಿದೆ.

ಮೊನ್ನೆ ಪಾಠದ ನಡುವೆ ಅಧ್ಯಕ್ಷರ ಫೋನ್ ಬಂತು.

"ಮೇಷ್ಟ್ರೆ, ಮುಂದಿನ ತಿಂಗಳಿಗೆ ಯಾರಾದ್ರೂ ಸಿಕ್ರಾ? ಲಗೂನ ನೋಡ್ರಿ. ಅವ್ನು ಇವತ್ತೂ ಫೋನ್ ಮಾಡಿದ್ದ. ದೊರೆ ಆರೋಗ್ಯ ಹೆಂಗೈತೆ, ಹೊಟ್ಟಿ ತುಂಬ ತಿಂತಾನೋ ಇಲ್ಲೋ ಅಂತ ಭಾಳ ಕಾಳಜಿಯಿಂದ ವಿಚಾರಿಸ್ದ."